ಚಿನ್ನದ ನ್ಯಾನೊಕಣ ಮತ್ತು ಲ್ಯುಮಿನಾಲ್ ವಿಧಾನದಲ್ಲಿ ಮಾತ್ರೆಯ ಔಷಧಾಂಶ ಹೆಚ್ಚಾಗಿ ಬರುತ್ತಿದೆ: ಕಾರಣವೇನಿರಬಹುದು?

ಬೆಳಕಿನ ಜಾಡು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪ್ರಬಂಧಕ್ಕಾಗಿ ನಾನು ಅಸಿಟೈಲ್‌ಸಿಸ್ಟೀನ್ ಔಷಧವನ್ನು ರಾಸಾಯನಿಕ ದೀಪ್ತಿಯ ಮೂಲಕ, ಅಂದರೆ ಕೆಮಿಲುಮಿನೆಸೆನ್ಸ್ ಮೂಲಕ ಅಳೆಯುವ ಕೆಲಸದಲ್ಲಿ ತೊಡಗಿದ್ದೇನೆ. ಕ್ಷಾರೀಯ ದ್ರಾವಣದಲ್ಲಿ ಲ್ಯುಮಿನಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಮಂದವಾಗಿ ಹೊಮ್ಮುವ ನೀಲಿ ಬೆಳಕು ಚಿನ್ನದ ನ್ಯಾನೊಕಣಗಳ ಸಮ್ಮುಖದಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಸೇರಿಸಿದರೆ ಬೆಳಕು ಕುಗ್ಗುತ್ತದೆ. ಎಷ್ಟು ಕುಗ್ಗಿತು ಎಂಬುದರಿಂದ ಔಷಧದ ಪ್ರಮಾಣವನ್ನು ಲೆಕ್ಕ ಹಾಕುತ್ತೇನೆ.

ಶುದ್ಧ ಔಷಧದಿಂದ ಮಾಡಿದ ದ್ರಾವಣಗಳಲ್ಲಿ ಸಾಂದ್ರತೆಗೆ ಎದುರಾಗಿ ಬೆಳಕಿನ ಇಳಿಕೆಯನ್ನು ಗುರುತಿಸಿ ಎಳೆದ ರೇಖೆ ನೇರವಾಗಿ ಬರುತ್ತದೆ. ತೊಡಕಿರುವುದು ಮಾತ್ರೆಯಲ್ಲಿ. ನೀರಿನಲ್ಲಿ ನೊರೆಯೆದ್ದು ಕರಗುವ 600 ಮಿಲಿಗ್ರಾಂ ಮಾತ್ರೆಯನ್ನು ಅಳೆದಾಗ ಪ್ರತಿ ಸಲವೂ ಲೇಬಲ್‌ನಲ್ಲಿರುವುದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಹೆಚ್ಚು ಬರುತ್ತಿದೆ. ಇದರ ಜೊತೆಗೆ ಇನ್ನೊಂದು ಗೊಂದಲವೂ ಇದೆ. ಕಳೆದ ತಿಂಗಳು ತಯಾರಿಸಿದ ಚಿನ್ನದ ದ್ರಾವಣದಲ್ಲಿ ಕಾಣುತ್ತಿದ್ದ ಇಳಿಕೆ ಈ ತಿಂಗಳ ದ್ರಾವಣದಲ್ಲಿ ಅರ್ಧಕ್ಕೆ ಬಂದಿದೆ, ಔಷಧದ ಸಾಂದ್ರತೆ ಮಾತ್ರ ಅದೇ. ಎರಡಕ್ಕೂ ಒಂದೇ ಕಾರಣವಿದೆಯೋ, ಬೇರೆ ಬೇರೆಯೋ ತಿಳಿಯುತ್ತಿಲ್ಲ. ದಯವಿಟ್ಟು ದಾರಿ ತೋರಿಸಿ.

ಹಳೆಯ ವಿಶ್ಲೇಷಕ

ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆದಿದ್ದೀರಿ. ನನ್ನ ಅನುಮಾನ ಯಾವುದರ ಮೇಲೆ ಎಂದು ಹೇಳುವ ಮೊದಲು ಒಂದು ಮೂಲ ಸಂಗತಿಯನ್ನು ನೆನಪಿಸುತ್ತೇನೆ, ಏಕೆಂದರೆ ಹಲವು ಪ್ರಬಂಧಗಳು ಎಡವುವುದು ಇಲ್ಲಿಯೇ. ನಿಮ್ಮ ವಿಧಾನದಲ್ಲಿ ಔಷಧ ಬೆಳಕು ಕೊಡುವುದಿಲ್ಲ, ಬೆಳಕನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ನೀವು ಅಳೆಯುತ್ತಿರುವುದು ಬೆಳಕಿನ ಕೊರತೆಯನ್ನು, ಮತ್ತು ಆ ಕೊರತೆಗೆ ಯಾರು ಕಾರಣ ಎಂದು ಉಪಕರಣ ಹೇಳುವುದಿಲ್ಲ. ಪೆರಾಕ್ಸೈಡನ್ನು ತಿಂದು ಹಾಕುವ, ನಡುವೆ ಹುಟ್ಟುವ ಮುಕ್ತ ರ‍್ಯಾಡಿಕಲ್‌ಗಳನ್ನು ಹಿಡಿದುಕೊಳ್ಳುವ, ಇಲ್ಲವೇ ಚಿನ್ನದ ಮೈಯನ್ನು ಮುಚ್ಚಿಬಿಡುವ ಯಾವುದೇ ವಸ್ತು ಬಂದರೂ ಬೆಳಕನ್ನು ಅಳೆಯುವ ಫೋಟೋಮಲ್ಟಿಪ್ಲೈಯರ್‌ಗೆ ಅದು ಒಂದೇ ರೀತಿ ಕಾಣುತ್ತದೆ.

ಲ್ಯುಮಿನಾಲ್‌ನ ಈ ಗುಣವನ್ನು 1928ರಲ್ಲಿ ಆಲ್ಬ್ರೆಕ್ಟ್ ವಿವರವಾಗಿ ವರದಿ ಮಾಡಿದ ಕಾಲದಿಂದಲೂ ಅದರ ಬಲವೂ ದೌರ್ಬಲ್ಯವೂ ಒಂದೇ ಆಗಿ ಉಳಿದಿದೆ. ಉತ್ಕರ್ಷಣಗೊಂಡ ಲ್ಯುಮಿನಾಲ್ ಸಾರಜನಕವನ್ನು ಕಳೆದುಕೊಂಡು ಉದ್ರಿಕ್ತ ಸ್ಥಿತಿಯ ಅಮಿನೊಥ್ಯಾಲೇಟ್ ಆಗುತ್ತದೆ. ಅದು ಮರಳಿ ಸ್ವಸ್ಥಿತಿಗೆ ಇಳಿಯುವಾಗ 425 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಹೊಮ್ಮುತ್ತದೆ. ನೀರಿನಲ್ಲಿ ನೂರು ಅಣುಗಳು ಉತ್ಕರ್ಷಣಗೊಂಡರೆ ಸುಮಾರು ಒಂದು ಮಾತ್ರ ಬೆಳಕಿನ ಕಣವನ್ನು ಕೊಡುತ್ತದೆ. ಹೊರಗಿನ ದೀಪ ಬೇಕಿಲ್ಲವಾದ್ದರಿಂದ ಹಿನ್ನೆಲೆ ಪೂರ್ತಿ ಕತ್ತಲೆಯಾಗಿರುತ್ತದೆ, ಕತ್ತಲೆಯಲ್ಲಿ ಹುಟ್ಟಿದ ಅಲ್ಪ ಬೆಳಕೂ ಲೆಕ್ಕಕ್ಕೆ ಸಿಗುತ್ತದೆ. ಆದರೆ ಕೋಬಾಲ್ಟ್, ತಾಮ್ರ, ಕಬ್ಬಿಣದ ಅಯಾನುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದೇ ಬೆಳಕನ್ನು ಹೊತ್ತಿಸಬಲ್ಲವು, ಅಪಕರ್ಷಕಗಳು, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ವಸ್ತುಗಳು, ಅದನ್ನು ಕುಗ್ಗಿಸಬಲ್ಲವು.

ಈಗ ಎರಡು ಪ್ರಶ್ನೆಗಳು. ಮಾತ್ರೆಯ ಡಬ್ಬಿಯ ಮೇಲೆ ಔಷಧವಲ್ಲದ ಘಟಕಗಳ ಪಟ್ಟಿಯಲ್ಲಿ ಏನೇನಿದೆ? ಹೋಲಿಕೆಗೆಂದು ಔಷಧವಿಲ್ಲದೆ ಅಳೆಯುವ ನಿಮ್ಮ ಬ್ಲ್ಯಾಂಕ್ ದ್ರಾವಣದಲ್ಲಿ ಆ ಘಟಕಗಳಿವೆಯೇ, ಅಥವಾ ಅದು ಬರೀ ನೀರೇ?

ಕಲಿಲ

ಚಿನ್ನದ ಬಗ್ಗೆ ನಾನು ಉತ್ತರಿಸುತ್ತೇನೆ. ಮಾತ್ರೆಯ ಪ್ರಶ್ನೆಯನ್ನು ಹಿರಿಯರಿಗೆ ಬಿಡುತ್ತೇನೆ.

ಎರಡೂ ತಯಾರಿಗಳ ಬಣ್ಣ ಒಂದೇ ಇತ್ತೇ? ಕುದಿಯುವ ಕ್ಲೋರೋಆರಿಕ್ ಆಮ್ಲದ ತಿಳಿಹಳದಿ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಹಾಕಿದ ಕೂಡಲೇ ಹಳದಿ ಮಾಯವಾಗಿ, ಬಳಿಕ ಬೂದುನೀಲಿ ಛಾಯೆ ಬಂದು, ಅದು ನೇರಳೆಗೆ ತಿರುಗಿ, ಕೊನೆಗೆ ದ್ರಾಕ್ಷಾರಸದ ಕೆಂಪು ನಿಲ್ಲುತ್ತದೆ. ಈ ಕೆಲವು ನಿಮಿಷಗಳನ್ನು ಕಣ್ಣು ತೆಗೆಯದೆ ನೋಡಬೇಕು. ಟರ್ಕೆವಿಚ್ 1951ರಲ್ಲಿ ಈ ವಿಧಾನವನ್ನು ಕೊಟ್ಟರು. 1973ರಲ್ಲಿ ಫ್ರೆನ್ಸ್ ಅವರು ಸಿಟ್ರೇಟ್ ಪ್ರಮಾಣವನ್ನು ಬದಲಿಸಿ ಕಣದ ಗಾತ್ರವನ್ನು ಹೇಗೆ ಹಿಡಿತದಲ್ಲಿಡಬಹುದೆಂದು ತೋರಿಸಿದರು. ಸಿಟ್ರೇಟ್ ಕಡಿಮೆಯಾದಷ್ಟೂ ಕಣ ದೊಡ್ಡದಾಗುತ್ತದೆ. ಹಾಗಾಗಿ ತೂಕದಲ್ಲಾದ ಸಣ್ಣ ವ್ಯತ್ಯಾಸ, ಕುದಿತ ತುಸು ಇಳಿದದ್ದು, ಗಾಜಿಗೆ ಅಂಟಿದ ಹಳೆಯ ಚಿನ್ನ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಗಾತ್ರ ಬೇರೆಯಾಗುತ್ತದೆ.

ಗಾತ್ರ ಏಕೆ ಮುಖ್ಯ ಎಂಬುದಕ್ಕೆ ಎರಡು ಕಾರಣಗಳಿವೆ. ಚಿನ್ನದ ನ್ಯಾನೊಕಣಗಳು ಲ್ಯುಮಿನಾಲ್ ದೀಪ್ತಿಯನ್ನು ವರ್ಧಿಸುತ್ತವೆ ಎಂದು 2005ರಲ್ಲಿ ಚೀನಾದ ಸಂಶೋಧಕರು ತೋರಿಸಿದಾಗ, ತಾವು ಪರೀಕ್ಷಿಸಿದ ಗಾತ್ರಗಳಲ್ಲಿ 38 ನ್ಯಾನೊಮೀಟರ್ ಕಣಗಳೇ ಅತಿ ಹೆಚ್ಚು ಬೆಳಕು ಕೊಟ್ಟವು ಎಂದು ವರದಿ ಮಾಡಿದರು. ಹೈಡ್ರಾಕ್ಸಿಲ್, ಅಮಿನೊ ಮತ್ತು ಥಯೋಲ್ (ಗಂಧಕ-ಹೈಡ್ರೋಜನ್) ಗುಂಪುಗಳಿರುವ ಸಾವಯವ ಸಂಯುಕ್ತಗಳು ಆ ಬೆಳಕನ್ನು ಕುಗ್ಗಿಸುತ್ತವೆ ಎಂಬುದೂ ಅದೇ ಕೆಲಸದಲ್ಲಿ ಕಂಡಿತು. ನಿಮ್ಮ ವಿಧಾನ ನಿಂತಿರುವುದು ಆ ಗಮನಿಕೆಯ ಮೇಲೆಯೇ. ಇನ್ನೊಂದು ಕಾರಣ ಬರೀ ಜ್ಯಾಮಿತಿ. ಒಟ್ಟು ಚಿನ್ನ ಅಷ್ಟೇ ಇದ್ದರೆ ಮೈಯ ವಿಸ್ತೀರ್ಣ ವ್ಯಾಸಕ್ಕೆ ವಿಲೋಮವಾಗಿರುತ್ತದೆ, ಅಂದರೆ 15 ನ್ಯಾನೊಮೀಟರ್ ಕಣಗಳ ಒಟ್ಟು ಮೈ 38 ನ್ಯಾನೊಮೀಟರ್ ಕಣಗಳದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು. ಅಸಿಟೈಲ್‌ಸಿಸ್ಟೀನ್‌ನ ಗಂಧಕ ಚಿನ್ನಕ್ಕೆ ಗಟ್ಟಿಯಾಗಿ ಅಂಟುತ್ತದೆ. ಮೈ ಹೆಚ್ಚಿದ್ದರೆ ಅದೇ ಪ್ರಮಾಣದ ಔಷಧ ಅದರ ಸಣ್ಣ ಭಾಗವನ್ನಷ್ಟೇ ಮುಚ್ಚುತ್ತದೆ, ಇಳಿಕೆಯೂ ಕಡಿಮೆ ಕಾಣುತ್ತದೆ. ಈ ತಿಂಗಳ ಕಣಗಳು ಚಿಕ್ಕದಾಗಿವೆ ಎಂಬುದು ನನ್ನ ಊಹೆ. ಪ್ರತಿ ತಯಾರಿಯ ಹೀರಿಕೆಯ ರೋಹಿತವನ್ನು ತೆಗೆದು ಶಿಖರದ ಸ್ಥಾನವನ್ನು ಬರೆದಿಡಿ. ಚಿಕ್ಕ ಕಣಗಳಿಗೆ ಅದು 520 ನ್ಯಾನೊಮೀಟರ್ ಹತ್ತಿರವಿರುತ್ತದೆ, ದೊಡ್ಡದಾದಂತೆ ಕೆಂಪಿನ ಕಡೆಗೆ ಸರಿಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ಚಿನ್ನದ ದ್ರಾವಣವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕಣಗಳು ತಳಕ್ಕೆ ಕೂತ ಮೇಲೆ ಉಳಿಯುವ ತಿಳಿನೀರನ್ನು ಮಾತ್ರ ಲ್ಯುಮಿನಾಲ್‌ಗೆ ಸೇರಿಸಿ ನೋಡಿ. ಅದೂ ಚೆನ್ನಾಗಿ ಬೆಳಗಿದರೆ, ಅಪಕರ್ಷಣಗೊಳ್ಳದೆ ಉಳಿದ ಚಿನ್ನದ ಅಯಾನುಗಳೋ ಬೇರೆ ಲೋಹವೋ ಕೆಲಸ ಮಾಡುತ್ತಿದೆ ಎಂದರ್ಥ.

ಬೆಳಕಿನ ಜಾಡು

ಇಬ್ಬರಿಗೂ ಧನ್ಯವಾದಗಳು. ಕಲಿಲ ಅವರ ಊಹೆ ಸರಿಯಿರುವಂತಿದೆ: ಹಳೆಯ ದ್ರಾವಣಕ್ಕೆ ಸ್ವಲ್ಪ ನೇರಳೆ ಛಾಯೆ ಇತ್ತು, ಹೊಸದು ಅಚ್ಚಗೆಂಪಾಗಿದೆ, ಮತ್ತು ಈ ಸಲ ಸಿಟ್ರೇಟ್ ದ್ರಾವಣವನ್ನು ಹೊಸದಾಗಿ ಮಾಡಿಕೊಂಡಿದ್ದೆ.

ಬ್ಲ್ಯಾಂಕ್ ಬರೀ ನೀರು. ಡಬ್ಬಿಯ ಮೇಲೆ ಸಿಟ್ರಿಕ್ ಆಮ್ಲ, ಸೋಡಿಯಂ ಬೈಕಾರ್ಬೊನೇಟ್, ಲ್ಯಾಕ್ಟೋಸ್, ಆಸ್ಕಾರ್ಬಿಕ್ ಆಮ್ಲ, ಸಿಹಿಕಾರಕ, ಸುವಾಸನೆ ಎಂದಿದೆ, ಪ್ರಮಾಣಗಳನ್ನು ಕೊಟ್ಟಿಲ್ಲ. ಮಾತ್ರೆಯ ದ್ರಾವಣವನ್ನು ಸಾವಿರಾರು ಪಟ್ಟು ತೆಳುಗೊಳಿಸಿಯೇ ಅಳೆಯುತ್ತೇನೆ, ಆದ್ದರಿಂದ ಇವುಗಳ ಪ್ರಭಾವ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಆದರೂ ಅನುಮಾನವಿದ್ದರೆ ಸ್ಟ್ಯಾಂಡರ್ಡ್ ಅಡಿಷನ್ ವಿಧಾನದಲ್ಲಿ, ಅಂದರೆ ಮಾತ್ರೆಯ ದ್ರಾವಣಕ್ಕೇ ಗೊತ್ತಾದ ಪ್ರಮಾಣದ ಶುದ್ಧ ಔಷಧವನ್ನು ಸೇರಿಸುತ್ತಾ ಅಳೆದರೆ ಸರಿಹೋಗುತ್ತದಲ್ಲವೇ?

ಹಳೆಯ ವಿಶ್ಲೇಷಕ

ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಇದೆ ಎಂದಿರಲ್ಲ, ಸಮಸ್ಯೆಯ ಬೇರು ಬಹುಶಃ ಅದೇ. ಅದು ಪ್ರಬಲ ಅಪಕರ್ಷಕ. ಲ್ಯುಮಿನಾಲ್ ಬೆಳಗಲು ಬೇಕಾದ ರ‍್ಯಾಡಿಕಲ್‌ಗಳನ್ನು ಮೊದಲೇ ಕಬಳಿಸುತ್ತದೆ.

ತೆಳುಗೊಳಿಸುವಿಕೆಯ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. ಉಪ್ಪಿನ ಅಂಶ, ಪಿಎಚ್, ಬೈಕಾರ್ಬೊನೇಟ್ ಇವುಗಳ ಪ್ರಭಾವ ನಿಜಕ್ಕೂ ಅಳಿಸಿಹೋಗುತ್ತದೆ. ಸೂಕ್ಷ್ಮ ವಿಧಾನಗಳ ದೊಡ್ಡ ವರವೇ ಅದು. ಆದರೆ ಔಷಧ ಯಾವ ರೀತಿಯಲ್ಲಿ ಬೆಳಕನ್ನು ಕುಗ್ಗಿಸುತ್ತದೆಯೋ ಅದೇ ರೀತಿಯಲ್ಲಿ ಕುಗ್ಗಿಸುವ ವಸ್ತುವೊಂದು ಜೊತೆಗಿದ್ದರೆ, ಎರಡೂ ಒಂದೇ ಅನುಪಾತದಲ್ಲಿ ತೆಳುವಾಗುತ್ತವೆ. ಲೆಕ್ಕ ಹಾಕಿ ನೋಡಿ. 600 ಮಿಲಿಗ್ರಾಂ ಅಸಿಟೈಲ್‌ಸಿಸ್ಟೀನ್, ಅಣುತೂಕ 163.2, ಅಂದರೆ 3.68 ಮಿಲಿಮೋಲ್. ಮಾತ್ರೆಯಲ್ಲಿ 75 ಮಿಲಿಗ್ರಾಂ ಆಸ್ಕಾರ್ಬಿಕ್ ಆಮ್ಲವಿದೆ ಎಂದು ಇಟ್ಟುಕೊಳ್ಳೋಣ, ಅಣುತೂಕ 176.1, ಅಂದರೆ 0.43 ಮಿಲಿಮೋಲ್. ಅನುಪಾತ ಶೇಕಡಾ 12ರ ಸಮೀಪ. ಸಾವಿರ ಪಟ್ಟು ನೀರು ಸುರಿದರೂ ಆ 12 ಅಲ್ಲಿಂದ ಕದಲುವುದಿಲ್ಲ. ಎರಡೂ ಅಣುಗಳು ಬೆಳಕನ್ನು ಸಮಾನವಾಗಿ ಕುಗ್ಗಿಸುತ್ತವೆ ಎಂಬುದಕ್ಕೆ ಖಾತ್ರಿಯಿಲ್ಲ, ಆದರೂ ನಿಮಗೆ ಬರುತ್ತಿರುವ ಹೆಚ್ಚಳದ ಗಾತ್ರ ಇದಕ್ಕೆ ಹೊಂದುವಂತಿದೆ.

ಸ್ಟ್ಯಾಂಡರ್ಡ್ ಅಡಿಷನ್ ಬಗ್ಗೆ ಇರುವ ನಂಬಿಕೆ ಬಹಳ ವ್ಯಾಪಕವಾದದ್ದು, ಹಾಗೆಯೇ ಬಹಳ ಅಪಾಯದ್ದು. ಮಾತ್ರೆಯೊಳಗಿನ ಬೇರೆ ವಸ್ತುಗಳು ಔಷಧದ ಸಂಕೇತವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರೆ, ಅಂದರೆ ರೇಖೆಯ ಇಳಿಜಾರು ಬದಲಾಗುತ್ತಿದ್ದರೆ, ಆ ವಿಧಾನ ಅದನ್ನು ಸರಿಪಡಿಸುತ್ತದೆ. ಆದರೆ ಬೇರೆ ವಸ್ತು ತನ್ನದೇ ಆದ ಇಳಿಕೆಯನ್ನು ಔಷಧದ ಇಳಿಕೆಗೆ ಸೇರಿಸುತ್ತಿದ್ದರೆ, ನೀವು ಎಷ್ಟೇ ಶುದ್ಧ ಔಷಧವನ್ನು ಬೆರೆಸಿ ರೇಖೆ ಎಳೆದರೂ ಆ ಹೆಚ್ಚುವರಿ ಭಾಗ ಒಳಗೇ ಕುಳಿತಿರುತ್ತದೆ. ಮರುಪ್ರಾಪ್ತಿ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ: ಸೇರಿಸಿದ ಔಷಧದಲ್ಲಿ ಶೇಕಡಾ 99 ಮರಳಿ ಬರುತ್ತದೆ, ಉತ್ತರ ಆಗಲೂ ತಪ್ಪಾಗಿರುತ್ತದೆ. ಪ್ರಕಟವಾಗುವ ಎಷ್ಟೋ ಕೋಷ್ಟಕಗಳಲ್ಲಿ ಈ ಶೇಕಡಾ 99ನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಆ ಅಂಕಿಯನ್ನು ನಂಬಿ ಮುಂದಿನವರು ಅದೇ ಹಾದಿ ಹಿಡಿಯುತ್ತಾರೆ.

ಗುಣಮಟ್ಟ ವಿಭಾಗ

ಔಷಧ ತಯಾರಿಕೆಯ ಗುಣಮಟ್ಟ ಪರೀಕ್ಷೆಯಲ್ಲಿ ಕೆಲಸ ಮಾಡುವವನಾಗಿ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ, ತಪ್ಪು ತಿಳಿಯಬೇಡಿ. ಒಂದು ಮಾತ್ರೆಯಲ್ಲಿ 600 ಮಿಲಿಗ್ರಾಂ ಔಷಧ ಇರುವಾಗ ಮೈಕ್ರೊಮೋಲಾರ್ ಮಟ್ಟದ ಸೂಕ್ಷ್ಮತೆ ಏತಕ್ಕೆ? ಅಯೋಡಿನ್ ಟೈಟ್ರೇಷನ್‌ನಲ್ಲಿ ಥಯೋಲ್ ಅನ್ನು ಸುಲಭವಾಗಿ ಅಳೆಯಬಹುದಲ್ಲ?

ಹಳೆಯ ವಿಶ್ಲೇಷಕ

ಕೇಳಬೇಕಾದ ಪ್ರಶ್ನೆಯೇ. ಆದರೆ ಅಯೋಡಿನ್‌ಗೂ ವಿಟಮಿನ್ ಸಿ ಮತ್ತು ಥಯೋಲ್ ನಡುವಿನ ಭೇದ ಗೊತ್ತಿಲ್ಲ. ಎರಡೂ ಅದನ್ನು ಅಪಕರ್ಷಿಸುತ್ತವೆ. ಈ ಮಾತ್ರೆಗೆ ಅಲ್ಲಿಯೂ ಇದೇ ತಪ್ಪು ಬರುತ್ತದೆ.

ಸೂಕ್ಷ್ಮತೆಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಮಾತ್ರೆಯೊಂದರಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿರುವ ಡಿಜಾಕ್ಸಿನ್, ಲೆವೊಥೈರಾಕ್ಸಿನ್‌ನಂಥ ಔಷಧಗಳಿಗೆ, ರಕ್ತ ಮತ್ತು ಮೂತ್ರದ ಮಾದರಿಗಳಿಗೆ, ಕಾರ್ಖಾನೆಯ ಪಾತ್ರೆಗಳನ್ನು ತೊಳೆದ ನೀರಿನಲ್ಲಿ ಔಷಧ ಉಳಿದಿದೆಯೇ ಎಂದು ನೋಡುವುದಕ್ಕೆ ಇಂಥ ವಿಧಾನಗಳು ನಿಜವಾಗಿ ಬೇಕು. 600 ಮಿಲಿಗ್ರಾಂ ಮಾತ್ರೆ ವಿದ್ಯಾರ್ಥಿಗೆ ಕಲಿಕೆಯ ಮಾದರಿಯಾಗಿ ಒಳ್ಳೆಯದು, ಏಕೆಂದರೆ ನಿಜವಾದ ಉತ್ತರ ಏನಿರಬೇಕು ಎಂದು ಮೊದಲೇ ಗೊತ್ತಿರುತ್ತದೆ. ಉತ್ತರ ತಪ್ಪಿದಾಗ ಅದು ಕಣ್ಣಿಗೆ ಬೀಳುತ್ತದೆ. ಮೂತ್ರದ ಮಾದರಿಯಲ್ಲಾಗಿದ್ದರೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಕಲಿಲ

ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ಎನ್-ಈಥೈಲ್‌ಮೆಲಿಮೈಡ್ ಎಂಬ ಕಾರಕ ಥಯೋಲ್ ಗುಂಪಿಗೆ ಬೇಗನೆ ಸೇರಿಕೊಂಡು ಅದನ್ನು ಶಾಶ್ವತವಾಗಿ ಕಟ್ಟಿಹಾಕುತ್ತದೆ. ಪಿಎಚ್ 7ರ ಬಳಿ ಈ ಕ್ರಿಯೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಮತ್ತು ಅಷ್ಟು ಹೊತ್ತಿನಲ್ಲಿ ಆಸ್ಕಾರ್ಬಿಕ್ ಆಮ್ಲವನ್ನು ಗಣನೀಯವಾಗಿ ಮುಟ್ಟುವುದಿಲ್ಲ. ಮಾತ್ರೆಯ ದ್ರಾವಣವನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೆಯೇ ಅಳೆಯಿರಿ, ಇನ್ನೊಂದನ್ನು ಈ ಕಾರಕದೊಂದಿಗೆ ಇರಿಸಿದ ನಂತರ ಅಳೆಯಿರಿ. ಥಯೋಲ್ ಕಟ್ಟಿಹೋದ ಮೇಲೂ ಬೆಳಕು ಕುಗ್ಗಿಯೇ ಇದ್ದರೆ ಆ ಇಳಿಕೆ ನಿಮ್ಮ ಔಷಧದ್ದಲ್ಲ. ಹೆಚ್ಚಾಗಿ ಉಳಿಯುವ ಕಾರಕವೇ ಲ್ಯುಮಿನಾಲ್ ಕ್ರಿಯೆಗೆ ಅಡ್ಡಿ ಮಾಡಬಹುದಾದ್ದರಿಂದ, ಅಷ್ಟೇ ಕಾರಕವನ್ನು ಬ್ಲ್ಯಾಂಕ್‌ಗೂ ಹಾಕಬೇಕು, ಶುದ್ಧ ಔಷಧದ ದ್ರಾವಣವೊಂದರಲ್ಲಿ ಇಳಿಕೆ ಪೂರ್ತಿ ಮಾಯವಾಗುತ್ತದೆಯೇ ಎಂದೂ ಮೊದಲು ನೋಡಿಕೊಳ್ಳಬೇಕು.

ದ್ರಾವಣಗಳನ್ನು ಬೆರೆಸುವ ಕ್ರಮವನ್ನೂ ದಯವಿಟ್ಟು ಬರೆಯಿರಿ. ಔಷಧ ಚಿನ್ನದೊಂದಿಗೆ ಹತ್ತು ನಿಮಿಷ ಕಳೆದು ನಂತರ ಲ್ಯುಮಿನಾಲ್ ಸೇರುವುದಕ್ಕೂ, ಕೊಳವೆಯಲ್ಲಿ ಎಲ್ಲವೂ ಒಟ್ಟಿಗೆ ಸೇರಿ ಕ್ಷಣಗಳಲ್ಲೇ ಬೆಳಗುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಗಂಧಕಕ್ಕೆ ಚಿನ್ನದ ಮೈಯನ್ನು ಹಿಡಿಯಲು ಸಮಯ ಸಿಗುತ್ತದೆ. ಎರಡನೆಯದರಲ್ಲಿ ಔಷಧ ಹೆಚ್ಚಾಗಿ ರ‍್ಯಾಡಿಕಲ್‌ಗಳನ್ನು ಹಿಡಿಯುವ ಕೆಲಸ ಮಾಡುತ್ತದೆ, ಮತ್ತು ಆ ಕೆಲಸದಲ್ಲಿ ವಿಟಮಿನ್ ಸಿ ಅದಕ್ಕೆ ಸರಿಸಮಾನ ಪ್ರತಿಸ್ಪರ್ಧಿ.

ಹರಿವು

ತಡವಾಗಿ ಸೇರುತ್ತಿದ್ದೇನೆ. ದ್ರಾವಣಗಳು ಕೊಳವೆಯಲ್ಲಿ ಹರಿಯುತ್ತಲೇ ಬೆರೆಯುವ ಫ್ಲೋ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಈ ಕ್ರಿಯೆಯನ್ನು ಕೆಲವು ವರ್ಷ ನಡೆಸಿದ ಅನುಭವದಿಂದ ಎರಡು ಮಾತು. ಮೊದಲನೆಯದು ಕೊಳವೆಗಳ ವಿಷಯ. ದಿನವಿಡೀ ಚಿನ್ನ ಹರಿದ ಪಂಪ್ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೋಡೆಯ ಮೇಲೆ ನಸು ನೇರಳೆ ಪದರ ಕಾಣುತ್ತದೆ. ಅದು ಗೋಡೆಗೆ ಅಂಟಿದ ಚಿನ್ನ, ಮತ್ತು ಅದೂ ವೇಗವರ್ಧಕವೇ. ಬ್ಲ್ಯಾಂಕ್ ಬೆಳಕು ಬೆಳಿಗ್ಗೆಯಿಂದ ಸಂಜೆಗೆ ನಿಧಾನವಾಗಿ ಏರುತ್ತಾ ಹೋದರೆ ಮೊದಲು ಕೊಳವೆಯನ್ನು ಬದಲಿಸಿ, ಕಾರಣವನ್ನು ಆಮೇಲೆ ಬೇರೆಡೆ ಹುಡುಕಿ. ಎರಡನೆಯದು ಲ್ಯುಮಿನಾಲ್ ದ್ರಾವಣದ ವಯಸ್ಸು: ಹೊಸದಾಗಿ ಕರಗಿಸಿದ ದ್ರಾವಣ ಸ್ಥಿರವಾಗಿರುವುದಿಲ್ಲ, ಅದಕ್ಕಾಗಿಯೇ ಅನೇಕರು ಅದನ್ನು ಕತ್ತಲೆಯಲ್ಲಿ ಕೆಲವು ದಿನ ಇಟ್ಟ ನಂತರ ಬಳಸುತ್ತಾರೆ. ಪೆರಾಕ್ಸೈಡ್ ಮಾತ್ರ ಇದಕ್ಕೆ ತದ್ವಿರುದ್ಧ, ತೆಳುಗೊಳಿಸಿದ್ದನ್ನು ಅಂದಂದೇ ಮಾಡಿಕೊಳ್ಳಬೇಕು.

ಬೆಳಕಿನ ಜಾಡು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ.

ಸೆಂಟ್ರಿಫ್ಯೂಜ್ ಮಾಡಿದ ತಿಳಿನೀರು ಬಹುತೇಕ ಬೆಳಗಲಿಲ್ಲ, ಆದ್ದರಿಂದ ಬೆಳಕು ಕಣಗಳದ್ದೇ. ಹೊಸ ಚಿನ್ನದ ಶಿಖರ ಹಳೆಯದಕ್ಕಿಂತ ನೀಲಿಯ ಕಡೆಗಿದೆ. ಕಣಗಳು ಚಿಕ್ಕದಾಗಿವೆ ಎಂಬುದು ಖಚಿತವಾಯಿತು. ಇಪ್ಪತ್ತು ಮಾತ್ರೆಗಳನ್ನು ತೂಗಿ, ಪುಡಿ ಮಾಡಿ, ಆಮ್ಲೀಯ ನೀರಿನಲ್ಲಿ ಕರಗಿಸಿ, ಇಂಗಾಲದ ಡೈಆಕ್ಸೈಡ್ ಪೂರ್ತಿ ಹೋಗುವವರೆಗೆ ಸೋನಿಕೇಟರ್‌ನಲ್ಲಿ ಇಟ್ಟು, ಸೋಸಿ, ಎರಡು ಪಾಲು ಮಾಡಿದೆ. ಶುದ್ಧ ಔಷಧದ ದ್ರಾವಣಕ್ಕೆ ಎನ್-ಈಥೈಲ್‌ಮೆಲಿಮೈಡ್ ಹಾಕಿದಾಗ ಬೆಳಕು ಬ್ಲ್ಯಾಂಕ್‌ನ ಮಟ್ಟಕ್ಕೆ ಮರಳಿತು. ಮಾತ್ರೆಯ ದ್ರಾವಣಕ್ಕೆ ಹಾಕಿದಾಗ ಪೂರ್ತಿ ಮರಳಲಿಲ್ಲ. ಸ್ವಲ್ಪ ಇಳಿಕೆ ಹಾಗೆಯೇ ಉಳಿಯಿತು, ಐದು ಸಲ ಮಾಡಿದರೂ ಉಳಿಯಿತು. ಆ ಉಳಿದ ಭಾಗವನ್ನು ಕಳೆದು ಲೆಕ್ಕ ಹಾಕಿದರೆ ಔಷಧಾಂಶ ಲೇಬಲ್‌ಗೆ ತೀರಾ ಹತ್ತಿರ ಬರುತ್ತದೆ. ನಂತರ ಸಿಟ್ರಿಕ್ ಆಮ್ಲ, ಬೈಕಾರ್ಬೊನೇಟ್, ಲ್ಯಾಕ್ಟೋಸ್, ಆಸ್ಕಾರ್ಬಿಕ್ ಆಮ್ಲ ಇವುಗಳನ್ನು ಬೇರೆ ಬೇರೆಯಾಗಿ ಅದೇ ತೆಳುವಿನಲ್ಲಿ ನೋಡಿದೆ. ಮೊದಲ ಮೂರರಿಂದ ಬೆಳಕಿನಲ್ಲಿ ಗಮನಾರ್ಹ ಬದಲಾವಣೆ ಇಲ್ಲ, ನಾಲ್ಕನೆಯದರಿಂದ ಇಳಿಕೆ ಸ್ಪಷ್ಟವಾಗಿದೆ.

ಈಗ ಉಳಿದಿರುವ ಪ್ರಶ್ನೆ: ಪ್ರಬಂಧದಲ್ಲಿ ಇದನ್ನು ಎರಡು ಅಳತೆಗಳ ವ್ಯತ್ಯಾಸದ ವಿಧಾನವೆಂದು ಬರೆಯಲೇ, ಅಥವಾ ಎಚ್‌ಪಿಎಲ್‌ಸಿಯಲ್ಲಿ (ಘಟಕಗಳನ್ನು ಕಾಲಂ ಮೂಲಕ ಬೇರೆ ಮಾಡುವ ದ್ರವ ಕ್ರೊಮ್ಯಾಟೋಗ್ರಫಿ) ಬೇರ್ಪಡಿಸಿದ ನಂತರ ಬೆಳಕನ್ನು ಅಳೆಯುವ ಕಡೆಗೆ ಹೋಗಲೇ?

ಹಳೆಯ ವಿಶ್ಲೇಷಕ

ನಿಮ್ಮ ಸಂದೇಶವನ್ನು ಎರಡು ಸಲ ಓದಿದೆ, ತುಂಬಾ ಸಂತೋಷವಾಯಿತು. ಎಚ್‌ಪಿಎಲ್‌ಸಿ ಹಾದಿ ಹೆಚ್ಚು ಖಚಿತವಾದದ್ದು, ಆದರೆ ಕಾಲಂನಿಂದ ಹೊರಬರುವ ಮೆಥನಾಲ್ ಅಥವಾ ಅಸಿಟೋನೈಟ್ರೈಲ್ ಬೆಳಕಿನ ತೀವ್ರತೆಯನ್ನೂ ಚಿನ್ನದ ಸ್ಥಿರತೆಯನ್ನೂ ಬದಲಿಸುತ್ತದೆ, ಹಾಗಾಗಿ ಎಲ್ಲ ಪರಿಸ್ಥಿತಿಗಳನ್ನೂ ಮೊದಲಿನಿಂದ ಹೊಂದಿಸಬೇಕಾಗುತ್ತದೆ. ನಿಮಗಿರುವ ಸಮಯದಲ್ಲಿ ವ್ಯತ್ಯಾಸದ ವಿಧಾನವೇ ಸಾಕು. ಅದೇ ಮಾತ್ರೆಗಳನ್ನು ಎಚ್‌ಪಿಎಲ್‌ಸಿಯಲ್ಲಿ ಸಾಮಾನ್ಯ ನೇರಳಾತೀತ ಪತ್ತೆಕಾರಕದಿಂದ ಒಮ್ಮೆ ಅಳೆದು, ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಇಡಿ. ಪತ್ತೆಮಿತಿಯನ್ನು, ಅಂದರೆ ಗುರುತಿಸಬಹುದಾದ ಅತಿ ಕಡಿಮೆ ಪ್ರಮಾಣವನ್ನು, ಬ್ಲ್ಯಾಂಕ್‌ನ ವಿಚಲನೆಯ ಮೂರು ಪಟ್ಟನ್ನು ಇಳಿಜಾರಿನಿಂದ ಭಾಗಿಸಿ ಕೊಡುತ್ತೀರಲ್ಲ, ಆ ಬ್ಲ್ಯಾಂಕ್ ಯಾವುದು ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಿ.

ಇನ್ನೊಂದು ಕೋರಿಕೆ. ಮಾತ್ರೆಯಲ್ಲಿ ಔಷಧ ಹೆಚ್ಚಾಗಿ ಬಂದ ಆ ಮೊದಲ ಫಲಿತಾಂಶಗಳನ್ನು ಪ್ರಬಂಧದಿಂದ ತೆಗೆಯಬೇಡಿ.

ಬೆಳಕಿನ ಜಾಡು

ತೆಗೆಯುವುದಿಲ್ಲ ಸರ್. ಮೂರನೇ ಅಧ್ಯಾಯ ಅಲ್ಲಿಂದಲೇ ಆರಂಭವಾಗುತ್ತದೆ. ಚಿನ್ನದ ಪ್ರತಿ ತಯಾರಿಯ ಶಿಖರದ ಸ್ಥಾನ, ಆ ತಯಾರಿಯಲ್ಲಿ ಬಂದ ಇಳಿಜಾರು, ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೊಡುತ್ತೇನೆ. ನಾಳೆ ಮೂರನೆಯ ತಯಾರಿ ಇದೆ, ಸಿಟ್ರೇಟನ್ನು ಎರಡು ಸಲ ತೂಗಿ ಇಟ್ಟಿದ್ದೇನೆ.